ಕಿಟಕಿಯೋ ಹಕ್ಕಿಯೋ

ಎರಡು ಸಾವಿರದ ಹದಿನಾರನೆಯ ಇಸವಿ ಫೆಬ್ರವರಿ ಎಂಟನೆಯ ತಾರೀಕು, ಸೋಮವಾರ, ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ದಶಾಂಶ ತನ್ನ ಮನೆಯ ಕಂಪ್ಯೂಟರಿನ ಗುಂಡಿ ಒತ್ತಿದ. ಆರು ಗಂಟೆ ಹದಿನಾರು ನಿಮಿಷ ನಲವತ್ತು ಸೆಕೆಂಡಿಗೆ ಅದು ಕಣ್ಣು ಬಿಟ್ಟಿತು. ಅಷ್ಟರಲ್ಲಿ ಅವನ ಹೆಂಡತಿ ಒಂದು ಅಂಗಿಗೆ ನಾಲ್ಕು ಗುಂಡಿ ಹೊಲಿದು, ದಾರ ಕಚ್ಚಿ ಹರಿದು, "ನಿಮ್ಮ ಗುಂಡಿಗಿಂತ ನನ್ನ ಗುಂಡಿ ವಾಸಿ ಕಣ್ರೀ" ಎಂದಳು.

ದಶಾಂಶ ಎಂಬುದು ಹಾಲಿನವನು ಇಟ್ಟ ಹೆಸರು. ಊರಿಗೆ ಬಿಡುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದಾಖಲೆ ಬರೆಯುವ ಕೆಲಸ ಅವನದು. ಇಪ್ಪತ್ತು ವರ್ಷ ಬರೆದೂ ಬರೆದೂ, ಅರ್ಧ ಲೀಟರು ಹಾಲು ಬೇಕಾದಾಗಲೂ "ಸೊನ್ನೆ ದಶಾಂಶ ಐದು ಕೊಡಪ್ಪ" ಎನ್ನುವಂತಾಗಿದ್ದ. ಹೆಂಡತಿ ದರ್ಜಿ. ಅವಳ ಕೊರಳಲ್ಲಿ ಅಳತೆ ಪಟ್ಟಿ, ಅವನ ಜೇಬಿನಲ್ಲಿ ಸ್ಟಾಪ್‌ವಾಚು. ಆ ಮನೆಯಲ್ಲಿ ಅಳೆಯದೆ ಉಳಿದ ವಸ್ತು ಯಾವುದೂ ಇರಲಿಲ್ಲ. ದಶಾಂಶನ ಎದೆಯೂ ಅಳತೆಯಾಗಿತ್ತು: ತೊಂಬತ್ತೆಂಟು ಸೆಂಟಿಮೀಟರು.

ಆ ಸಂಜೆ ಹೆಂಡತಿಯ ತಮ್ಮನೂ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದ. ಕಂಪ್ಯೂಟರ್ ರಿಪೇರಿ ಅವನ ಕಸುಬು. ಊರಿನ ಇನ್ನೊಂದು ತುದಿಯಲ್ಲಿ ಅಂಗಡಿ.

"ಭಾವ, ಯಂತ್ರಕ್ಕೇನೂ ಆಗಿಲ್ಲ. ಒಳಗಿರೋ ಆಪರೇಟಿಂಗ್ ಸಿಸ್ಟಂಗೆ ವಯಸ್ಸಾಗಿದೆ. ಈ ಕಿಟಕಿ ತೆಗೆದು ಹಕ್ಕಿ ಹಾಕ್ಸಿ. ಹಗುರವಾಗಿ ಓಡುತ್ತೆ."

ಕಿಟಕಿ, ಹಕ್ಕಿ ಎಂಬವು ಅವನ ಅಂಗಡಿಯ ಮಾತು. ಪರದೆಯ ಮೇಲೆ ಕಿಟಕಿ ಕಿಟಕಿಯಾಗಿ ತೆರೆದುಕೊಳ್ಳುವ ಹಳೆಯ ಆಪರೇಟಿಂಗ್ ಸಿಸ್ಟಂ ಕಿಟಕಿ. ಡಬ್ಬಿಯ ಮೇಲೆ ದಪ್ಪ ಹೊಟ್ಟೆಯ ಹಕ್ಕಿಯ ಚಿತ್ರವಿರುವ ಹೊಸ ಸಿಸ್ಟಂ ಹಕ್ಕಿ.

"ಹಾಕ್ಸೋದೇನು ಬಂತು? ನಾನೇ ಹಾಕ್ತೀನಿ" ಎಂದ ದಶಾಂಶ. "ಬಿ.ಎಸ್ಸಿ. ಓದಿದವನು ನಾನು."

"ನೀವು ಓದಿದ್ದು ಸಸ್ಯಶಾಸ್ತ್ರ ಅಲ್ವಾ ಭಾವ?"

"ಶಾಸ್ತ್ರ ಯಾವುದಾದರೇನು, ಪದ್ಧತಿ ಒಂದೇ. ಮೊದಲು ಎರಡನ್ನೂ ಹೋಲಿಸಿ ನೋಡ್ತೀನಿ. ಆಮೇಲೆ ತೀರ್ಮಾನ."

ಹೊಲಿಗೆ ಯಂತ್ರದ ಹಿಂದಿನಿಂದ ಹೆಂಡತಿ ತಲೆ ಎತ್ತಿದಳು. "ನೋಡ್ರೀ, ಅದರೊಳಗೆ ನನ್ನ ಅಳತೆಗಳಿವೆ. ಬೀದಿಯ ಗಾಯನ ತಂಡದ ಮೂವತ್ತೊಂದು ಜನರದ್ದೂ ಅದರಲ್ಲೇ ಇದೆ. ಮುಂದಿನ ಸೋಮವಾರ ಬಟ್ಟೆ ಕತ್ತರಿಸಬೇಕು. ಅಲ್ಲೀವರೆಗೂ ಅದನ್ನ ಮುಟ್ಟಬೇಡಿ. ನನಗೆ ಈ ಕಿಟಕಿನೇ ಸಾಕು. ಯಾವುದು ಎಲ್ಲಿದೆ ಅಂತ ಕೈಗೆ ಗೊತ್ತು."

ಈ ಮಾತಿನ ತೂಕ ತಿಳಿಯಬೇಕಾದರೆ ಒಂದು ಸಂಗತಿ ಹೇಳಬೇಕು. ಹನ್ನೊಂದು ವರ್ಷ ಅವಳು ಮಾಡಿದ್ದೆಲ್ಲ ಜಿಪ್ಪು ಬದಲಾಯಿಸುವುದು, ತೋಳು ಮೊಟಕು ಮಾಡುವುದು, ಹರಿದ ಜೇಬಿಗೆ ತೇಪೆ ಹಾಕುವುದು. ಬಟ್ಟೆಯ ಇಡೀ ಥಾನು ಬಿಚ್ಚಿ ಮೊದಲ ಕತ್ತರಿಯಿಂದ ಕೊನೆಯ ಗುಂಡಿಯವರೆಗೆ ತಾನೇ ಹೊಲಿಯುವ ಕೆಲಸ ಸಿಕ್ಕಿದ್ದು ಇದೇ ಮೊದಲು: ಮೂವತ್ತೊಂದು ನೀಲಿ ಕೋಟು. ಒಬ್ಬೊಬ್ಬರನ್ನೇ ಹಿಡಿದು ಅಳತೆ ತೆಗೆಯಲು ಆರು ವಾರ ಹಿಡಿದಿತ್ತು. ಸೋಮವಾರ ತಪ್ಪಿದರೆ ಕೆಲಸ ಬಸ್ ನಿಲ್ದಾಣದ ಎದುರಿನ ಸೂಟಿನ ಅಂಗಡಿಗೆ ಹೋಗುವುದು ಖಚಿತವಾಗಿತ್ತು.

ದಶಾಂಶನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವನು ಯೋಚಿಸಿದ್ದು: ಸೋಮವಾರ ಬೆಳಿಗ್ಗೆ ಅವಳು ಗುಂಡಿ ಒತ್ತಿದ ಕೂಡಲೆ ಯಂತ್ರ ಎದ್ದು ಕೂತರೆ ಎಷ್ಟು ಸಂತೋಷಪಡುತ್ತಾಳೆ! ಅದಕ್ಕೆ ಶನಿವಾರವೇ ಸರಿ. ಶನಿವಾರ ಬೆಳಿಗ್ಗೆ ಅವಳು ದಾರ, ಅಸ್ತರು ತರಲು ಪೇಟೆಗೆ ಹೋಗುತ್ತಾಳೆ.

ಹಕ್ಕಿಯನ್ನು ಒಳಗೆ ಹಾಕದೆಯೇ ಪೆನ್‌ಡ್ರೈವಿನಿಂದ ಓಡಿಸಿ ನೋಡಬಹುದಿತ್ತು. ಎರಡು ದಿನ ಹೆಂಡತಿ ಅಡುಗೆಮನೆಗೆ ಹೋದಾಗೆಲ್ಲ ದಶಾಂಶ ಹೋಲಿಕೆ ನಡೆಸಿದ. ಇಪ್ಪತ್ತೇಳು ಸಾಲಿನ ಕೋಷ್ಟಕ ಸಿದ್ಧವಾಯಿತು. ಏಳುವ ವೇಗ: ಕಿಟಕಿ ಆರು ನಿಮಿಷ ನಲವತ್ತು ಸೆಕೆಂಡು, ಹಕ್ಕಿ ಒಂದು ನಿಮಿಷ ಹನ್ನೆರಡು. ಮಲಗುವ ವೇಗ: ಹಕ್ಕಿಗೇ ಜಯ. ಪ್ರಿಂಟರಿನ ಗುರುತು ಹಿಡಿಯುವುದು: ಕಿಟಕಿ ತಕ್ಷಣ ಹಿಡಿಯಿತು, ಹಕ್ಕಿ ಹೊಸ ಮನೆಗೆ ಬಂದ ನೆಂಟನಂತೆ ಸುತ್ತಮುತ್ತ ನೋಡಿತು. ಕನ್ನಡದ ಒತ್ತಕ್ಷರ: ಎರಡರಲ್ಲೂ ತಕ್ಕ ಜಾಗದಲ್ಲಿ ಕೂತವು, ಸಮ. ಇಸ್ಪೀಟಾಟದ ಚೆಂದ: ಕಿಟಕಿ. ಒಂದು ಕೆಲಸಕ್ಕೆ "ಖಂಡಿತವಾಗಿಯೂ?" ಎಂದು ಕೇಳುವ ಸಲ: ಕಿಟಕಿ ಎರಡು, ಹಕ್ಕಿ ಒಂದು. ಒಟ್ಟಿನಲ್ಲಿ ಕಿಟಕಿಗೆ ಹನ್ನೆರಡು, ಹಕ್ಕಿಗೆ ಹದಿನಾಲ್ಕು. ಹೆಂಡತಿ ಹೇಳಿದ "ಕೈಗೆ ಗೊತ್ತು" ಎಂಬ ಅಂಶವನ್ನು ಅವನು ಕೋಷ್ಟಕಕ್ಕೆ ಸೇರಿಸಲಿಲ್ಲ. ಅದನ್ನು ಅಳೆಯುವ ಮಾನ ಯಾವುದೆಂದು ಅವನಿಗೆ ತಿಳಿಯಲಿಲ್ಲ.

ತೀರ್ಮಾನವನ್ನು ಎಂದಿನಂತೆ ಒಂದು ಮಾದರಿ ಚೀಟಿಯಲ್ಲಿ ಬರೆದ. ಪ್ರಯೋಗಾಲಯದ ನೀರಿನ ಬಾಟಲಿಗಳಿಗೆ ಅಂಟಿಸುವ ಈ ಗೋಂದಿನ ಚೀಟಿಗಳು ತಪ್ಪಾಗಿ ಅಚ್ಚಾದಾಗ ಅವನು ಮನೆಗೆ ತರುತ್ತಿದ್ದ. ಅಂಗಡಿ ಸಾಮಾನಿನ ಪಟ್ಟಿಯನ್ನೂ ಅದರಲ್ಲೇ ಬರೆಯುತ್ತಿದ್ದ. ಅಂಕಣಗಳು ಕಿರಿದು, ಹಾಗಾಗಿ ಮಾತನ್ನು ಮೊಟಕು ಮಾಡುವುದು ಅನಿವಾರ್ಯ. ಈ ಚೀಟಿಯಲ್ಲಿ ಹೀಗಿತ್ತು:

ದೋಷ: ಏಳುವುದು ಬಹಳ ನಿಧಾನ. ಆಗಾಗ ಪೂರ್ತಿ ಸ್ತಬ್ಧ.
ಕ್ರಮ: ಶನಿ 10.30, ಮನೆಯಲ್ಲೇ ಆಪ. ಹಳೆಯದನ್ನು ಕಿತ್ತು ಹೊಸದು.
ಷರಾ: ನೆನಪು ಪೂರ್ತಿ ಹೋಗುವ ಸಂಭವ. ಹೆಂಡತಿಗೆ ಹೇಳಬಾರದು.

ಬರೆದು ಮೇಜಿನ ಮೇಲಿಟ್ಟ. ಗೋಂದಿನ ಮುಖ ಮೇಲಿತ್ತು. ಅದರ ಮೇಲೆ ಹೆಂಡತಿ ಕೋಟಿನ ನೀಲಿ ಬಟ್ಟೆಯ ತುಂಡೊಂದನ್ನು ತಂದಿಟ್ಟು, "ರೀ, ಇದನ್ನ ಟೀಚರಮ್ಮಂಗೆ ಕೊಟ್ಟು ಬನ್ನಿ, ಬಣ್ಣ ಒಪ್ಪಿಗೇನಾ ಕೇಳಿ" ಎಂದಳು. ದಶಾಂಶ ತುಂಡನ್ನೆತ್ತಿಕೊಂಡು ಹೋಗಿ ಕೊಟ್ಟು ಬಂದ. ಚೀಟಿ ಎಲ್ಲಿ ಹೋಯಿತೆಂದು ಆಮೇಲೆ ಸ್ವಲ್ಪ ಹುಡುಕಿದ. ವಿಷಯ ನೆನಪಿದ್ದುದರಿಂದ ಬಿಟ್ಟುಬಿಟ್ಟ.

ಟೀಚರಮ್ಮ ಪಕ್ಕದ ಮನೆಯವರು. ಮೂವತ್ನಾಲ್ಕು ವರ್ಷ ಶಾಲೆ ನಡೆಸಿ ನಿವೃತ್ತರಾಗಿ, ಈಗ ಗಾಯನ ತಂಡವನ್ನು ಅದೇ ಶಿಸ್ತಿನಲ್ಲಿ ನಡೆಸುತ್ತಿದ್ದರು. ಬಟ್ಟೆಯ ಬಣ್ಣ ನೋಡಿದರು, ಒಪ್ಪಿದರು, ತಿರುಗಿಸಿದರು, ಹಿಂದೆ ಅಂಟಿದ್ದ ಚೀಟಿ ಓದಿದರು. ಕುರ್ಚಿಯ ಮೇಲೆ ಕೂತರು. ಮತ್ತೆ ಓದಿದರು. ಒಂದೂ ಕಾಗುಣಿತದ ತಪ್ಪಿಲ್ಲದಿರುವುದನ್ನು ಕಂಡು ಅವರ ಕಣ್ಣು ತುಂಬಿ ಬಂತು. ಇಂಥ ಸ್ಥಿತಿಯಲ್ಲೂ ಇಷ್ಟು ಶುದ್ಧವಾಗಿ ಬರೆಯುವ ಮನುಷ್ಯ ಈ ಬೀದಿಯಲ್ಲಿ ಇನ್ನೊಬ್ಬನಿದ್ದಾನೆಯೇ?

ಅರ್ಧ ಗಂಟೆಯಲ್ಲಿ ಅವರು ತಂಡದ ಉಳಿದ ಮೂವತ್ತೂ ಜನರಿಗೆ ಫೋನು ಮಾಡಿದರು. "ಆಪರೇಷನ್ನಂತೆ. ತಲೆಯದ್ದೇ ಇರಬೇಕು, ನೆನಪು ಹೋಗುತ್ತೆ ಅಂತ ಬರೆದಿದ್ದಾರೆ. ಪಾಪ, ಹೆಂಡತಿಗೂ ಹೇಳಿಲ್ಲ. ಯಾರೂ ಬಾಯಿ ಬಿಡಕೂಡದು, ತಿಳೀತಾ? ಎಲ್ಲರೂ ಹೋಗಿ ಮುಖ ತೋರಿಸಿ ಬನ್ನಿ. ಬರಿಗೈಲಿ ಹೋಗಬೇಡಿ."

ಮರುದಿನ ಬೆಳಿಗ್ಗೆ ಮೊದಲು ಬಂದವನು ಅಂಚೆಯವನು. ತಂಡದಲ್ಲಿ ಎಲ್ಲರಿಗಿಂತ ದಪ್ಪ ದನಿ ಅವನದು. ಪತ್ರದ ಬದಲು ಆರು ಸೇಬು ಕೊಟ್ಟ. ಆಮೇಲೆ ದಶಾಂಶನ ಎರಡೂ ಕೈ ಹಿಡಿದುಕೊಂಡ.

"ಅಣ್ಣಾ, ನನ್ನ ಸರಿಯಾಗಿ ನೋಡಿ."

"ನೋಡ್ತಾ ಇದೀನಲ್ಲಪ್ಪ."

"ಎಡಗೆನ್ನೆ ಮೇಲೆ ಮಚ್ಚೆ ಇದೆ. ದಿನಾ ಹನ್ನೊಂದು ಗಂಟೆಗೆ ಬರ್ತೀನಿ. ನಾನು ಅಂಚೆಯವನು."

"ಗೊತ್ತಲ್ಲ ಮಾರಾಯ!"

"ಈಗ ಗೊತ್ತು" ಎಂದು ಅಂಚೆಯವನು ಮುಖ ಆ ಕಡೆ ತಿರುಗಿಸಿಕೊಂಡ. "ಶನಿವಾರದ ವಿಷಯ ಎಲ್ಲ ಕೇಳಿದೆ. ಹೆದರಿಕೆ ಆಗಲ್ವಾ ಅಣ್ಣಾ?"

ದಶಾಂಶನಿಗೆ ಆಶ್ಚರ್ಯವಾಯಿತು. ಭಾವಮೈದುನ ಎಲ್ಲರಿಗೂ ಡಂಗುರ ಹೊಡೆದಿರಬೇಕು ಅಂದುಕೊಂಡ. "ಹೆದರಿಕೆ ಯಾಕೆ? ಹಳೇದು ಹತ್ತು ವರ್ಷ ಜೊತೆಗಿತ್ತು, ಸ್ವಲ್ಪ ಬೇಜಾರು ಅನ್ನು. ಆದರೆ ಎಷ್ಟು ದಿನ ಅಂತ ಎಳೆಯೋದು? ಹೊಸದು ಹಾಕಿಕೊಂಡರೆ ಒಂದೇ ನಿಮಿಷದಲ್ಲಿ ಎದ್ದು ಕೂರಬಹುದು."

"ಗಂಡು ಅಂದರೆ ನೀವು" ಎಂದು ಅಂಚೆಯವನು ಕಣ್ಣೊರೆಸಿಕೊಂಡು ಹೋದ.

ಆಮೇಲೆ ಸಾಲು ಸಾಲು. ಬೇಕರಿಯವಳು ಬ್ರೆಡ್ಡು ತಂದಳು, ಔಷಧಿ ಅಂಗಡಿಯವನು ಸೂಪು ತಂದ, ಹಾಲಿನವನು ಸೊನ್ನೆ ದಶಾಂಶ ಐದರ ಬದಲು ಎರಡು ಲೀಟರು ಅಳೆದ. ಪ್ರತಿಯೊಬ್ಬರೂ ತಮ್ಮ ಹೆಸರು, ಕಸುಬು, ಮಚ್ಚೆ ಗಾಯದ ಗುರುತು ಹೇಳಿ ಹೋದರು. ಹೋಗುವಾಗ ಹೆಂಡತಿಯ ಭುಜ ತಟ್ಟಿ, "ನೀವು ಧೈರ್ಯವಾಗಿರಬೇಕು" ಎಂದರು. "ಮೂವತ್ತೊಂದು ತಾನೇ? ಧೈರ್ಯವಾಗೇ ಇದೀನಿ" ಎಂದಳು ಅವಳು, ಕೋಟಿನ ವಿಷಯವೆಂದುಕೊಂಡು.

"ಏನ್ರೀ ಇದು, ಮನೇಲಿ ಕಾಲಿಡೋಕೆ ಜಾಗ ಇಲ್ಲ, ಬರೀ ಸೇಬು?"

"ಜನ ಒಳ್ಳೆಯವರು ಕಣೇ" ಎಂದ ದಶಾಂಶ. ತಂದದ್ದನ್ನು ಬಿಟ್ಟರೆ ಅವರಿಗೆ ನೋವಾದೀತೆಂದು ಎಲ್ಲವನ್ನೂ ತಿನ್ನುತ್ತಿದ್ದ. ಒಬ್ಬ ಸಾಮಾನ್ಯ ಗುಮಾಸ್ತನ ಆಪರೇಟಿಂಗ್ ಸಿಸ್ಟಮಿನ ಬಗ್ಗೆ ಬೀದಿಗೆ ಬೀದಿಯೇ ಇಷ್ಟೊಂದು ಕಾಳಜಿ ವಹಿಸುವುದೆಂದರೆ! ವಿಜ್ಞಾನ ಕೊನೆಗೂ ಮನೆಮನೆಗೆ ಮುಟ್ಟಿತಲ್ಲ ಎಂದುಕೊಂಡು ಅವನು ಇನ್ನೊಂದು ಸೇಬು ಕಚ್ಚಿದ.

ಶುಕ್ರವಾರ ಕಚೇರಿಯಲ್ಲಿ ಮೇಲಧಿಕಾರಿಯ ಮುಂದೆ ರಜೆ ಅರ್ಜಿ ಇಟ್ಟ. ಅವರು ಟೀಚರಮ್ಮನ ಹಳೆಯ ಶಿಷ್ಯರು, ಸುದ್ದಿ ಆಗಲೇ ಅವರಿಗೂ ಮುಟ್ಟಿತ್ತು. ಕಾರಣದ ಜಾಗದಲ್ಲಿ "ಆಪ." ಎಂದಷ್ಟೇ ಇತ್ತು. ಅಧಿಕಾರಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

"ಅರ್ಧ ದಿನ ಸಾಕೇನ್ರೀ? ಒಂದು ತಿಂಗಳು ತಗೊಳ್ಳಿ."

"ಬೇಡ ಸಾರ್. ಮುಕ್ಕಾಲು ಗಂಟೆ ಕೆಲಸ. ಮನೆಯಲ್ಲೇ ಮಾಡ್ಕೋತೀನಿ."

"ಮನೆಯಲ್ಲೇ? ಮಾಡೋರು ಯಾರು?"

"ನಾನೇ ಸಾರ್."

ಅಧಿಕಾರಿಯ ಕೈಯಿಂದ ಪೆನ್ನು ಜಾರಿತು.

"ಪುಸ್ತಕ ನೋಡ್ಕೊಂಡು ಮಾಡಬಹುದು ಸಾರ್, ಬಹಳ ಸುಲಭ. ಹೆಂಡತಿಯ ತಮ್ಮನೂ ಬರ್ತೀನಿ ಅಂದಿದ್ದಾನೆ. ಹೋದ ತಿಂಗಳು ನಾಲ್ಕು ಕಡೆ ಮಾಡಿದಾನೆ. ಒಂದು ಮಾತ್ರ ಮತ್ತೆ ಏಳಲೇ ಇಲ್ಲ."

ಅಧಿಕಾರಿ ಒಂದು ಲೋಟ ನೀರು ತಾವು ಕುಡಿದು, ಇನ್ನೊಂದು ಲೋಟ ದಶಾಂಶನಿಗೆ ಕೊಟ್ಟರು. ರಜೆ ಮಂಜೂರಾಯಿತು. ಅವನು ಹೊರಗೆ ಹೋದ ಮೇಲೆ ಅವರು ಟೀಚರಮ್ಮನಿಗೆ ಫೋನು ಮಾಡಿ, "ಅಮ್ಮಾ, ವಿಷಯ ನೀವು ತಿಳಿದಿರೋದಕ್ಕಿಂತ ಗಂಭೀರವಾಗಿದೆ" ಎಂದರು.

ಶನಿವಾರ ಹತ್ತು ಗಂಟೆಗೆ ಹೆಂಡತಿ ಪೇಟೆಗೆ ಹೊರಟಳು. ಹತ್ತೂಕಾಲಿಗೆ ಗಾಯನ ತಂಡ ಒಬ್ಬರೂ ತಪ್ಪದೆ ಮನೆಯ ಮುಂದೆ ಸೇರಿತು. ಯಾವ ಹಾಡು ಹಾಡಬೇಕೆಂಬ ಬಗ್ಗೆ ಜಗಳ. ತಂಡಕ್ಕೆ ಚೆನ್ನಾಗಿ ಬರುತ್ತಿದ್ದ ಹಾಡು ಎರಡೇ. ಒಂದು ದೋಣಿ ಆಚೆ ದಡ ಸೇರುವುದು, ಇನ್ನೊಂದು ಸೂರ್ಯ ಹುಟ್ಟುವುದು. "ದೋಣಿ ಬೇಡ, ಇನ್ನೂ ಹೋಗಿಲ್ಲ ಅವರು" ಎಂದು ಬೇಕರಿಯವಳು ಗದರಿದ ಮೇಲೆ ಸೂರ್ಯನೇ ಗತಿಯಾದ.

ಹತ್ತು ಇಪ್ಪತ್ತಕ್ಕೆ ಭಾವಮೈದುನ ಚರ್ಮದ ಚೀಲ ಹಿಡಿದುಕೊಂಡು ಬಂದ. ಟೀಚರಮ್ಮ ಅಡ್ಡ ನಿಂತರು.

"ಆಪರೇಷನ್ ಮಾಡೋರು ನೀವೇನಾ?"

"ಹಾಂ, ಒಂಥರಾ ಹಂಗೇ ಅನ್ನಿ" ಎಂದು ಅವನು ನಕ್ಕ.

"ನಗಬೇಡಿ! ಎಲ್ಲಿ ಓದಿದ್ದು?"

"ಓದಿದ್ದೇನಿಲ್ಲ ಮೇಡಂ, ಬಿಚ್ಚಿ ಬಿಚ್ಚಿ ಕಲಿತಿದ್ದು."

ಗುಂಪಿನಲ್ಲಿ ಯಾರೋ "ಅಯ್ಯೋ" ಎಂದರು. ಅಂಚೆಯವನು ಚೀಲ ಕಿತ್ತುಕೊಂಡು ತೆರೆದ. ಏಳು ಸ್ಕ್ರೂಡ್ರೈವರು, ಒಂದು ಇಕ್ಕಳ, ಧೂಳು ಹೊಡೆಯುವ ಬ್ರಷ್ಷು. "ಇದರಲ್ಲಾ?" ಎಂದು ಕಿರುಚಿ ಅವನ ಕೊರಳಪಟ್ಟಿ ಹಿಡಿದ. "ಒಳಗೆ ಬಿಡ್ರಯ್ಯಾ, ಭಾವ ಒಬ್ಬರೇ ಶುರು ಮಾಡಿಬಿಟ್ಟರೆ ಕಷ್ಟ!" ಎಂದು ಭಾವಮೈದುನ ಕೂಗಿಕೊಂಡಷ್ಟೂ ಹಿಡಿತ ಬಿಗಿಯಾಯಿತು.

ಒಳಗೆ ದಶಾಂಶ ಗಡಿಯಾರ ನೋಡುತ್ತಿದ್ದ. ಹತ್ತೂವರೆ ಎಂದರೆ ಅವನಿಗೆ ಹತ್ತೂವರೆ. ಮೊದಲು ಪ್ರತಿ ತೆಗೆದುಕೊಳ್ಳಬೇಕೆಂಬುದು ಅವನಿಗೆ ಗೊತ್ತಿತ್ತು, ಮರೆತಿರಲಿಲ್ಲ. ಪರದೆಯ ಮೇಲೆ "ಅಳತೆಗಳು" ಎಂದು ಬರೆದ ಪುಟ್ಟ ಹಳದಿ ಚಿತ್ರವಿತ್ತು. ಹೆಂಡತಿ ದಿನವೂ ಒತ್ತುತ್ತಿದ್ದುದು ಅದನ್ನೇ. ಅದನ್ನು ಪೆನ್‌ಡ್ರೈವಿಗೆ ಇಳಿಸಿ, ಗಾತ್ರವನ್ನೂ ಪರೀಕ್ಷಿಸಿ ಬರೆದುಕೊಂಡಿದ್ದ: ಒಂದು ಕಿಲೋಬೈಟು. ಹತ್ತು ವರ್ಷದ ಅಳತೆಗಳನ್ನು ಒಂದೇ ಕಿಲೋಬೈಟಿನಲ್ಲಿ ಇಟ್ಟಿದ್ದಾಳಲ್ಲ ಎಂದು ಹೆಂಡತಿಯ ಅಚ್ಚುಕಟ್ಟುತನದ ಬಗ್ಗೆ ಅವನಿಗೆ ಹೆಮ್ಮೆಯೂ ಆಗಿತ್ತು.

ಹಕ್ಕಿ ಕೇಳಿತು: ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ? ಒಂದೇ ಸಲ ಕೇಳಿತು. ಕೋಷ್ಟಕದಲ್ಲಿ ಇದಕ್ಕೆ ಅಂಕ ಕೊಟ್ಟದ್ದನ್ನು ನೆನೆದು, ದಶಾಂಶ "ಹೌದು" ಒತ್ತಿದ.

ಅದೇ ಗಳಿಗೆಗೆ ಹೊರಗೆ ಮೂವತ್ತೊಂದು ಕಂಠದಲ್ಲಿ ಸೂರ್ಯ ಹುಟ್ಟಿದ. ದಶಾಂಶ ಕುರ್ಚಿಯಲ್ಲೇ ಒಂದು ಕ್ಷಣ ಕರಗಿದ. ಎದ್ದು ಹೋಗಿ ಬಾಗಿಲು ತೆರೆದು ಎರಡೂ ಕೈ ಜೋಡಿಸಿದ.

"ಹೋಯ್ತು! ಹಳೇ ನೆನಪೆಲ್ಲ ಅಳಿಸಿಹೋಯ್ತು!"

ಹಾಡು ಅರ್ಧಕ್ಕೆ ನಿಂತಿತು. ಟೀಚರಮ್ಮ ಮುಂದೆ ಬಂದು ಕೇಳಿದರು: "ನಾನು ಯಾರು ಹೇಳಿ ನೋಡೋಣ?"

"ನೀವಾ? ಟೀಚರಮ್ಮ."

"ನಾನು?" ಎಂದ ಅಂಚೆಯವನು, ಎಡಗೆನ್ನೆ ಮುಂದೆ ಮಾಡಿ.

"ನೀನು ಅಂಚೆಯವನು. ಏನಾಗಿದೆ ನಿಮಗೆಲ್ಲ?"

"ನೆನಪಿದೆ! ನೆನಪಿದೆ!" ಎಂದು ಬೀದಿಯೇ ಕೇಕೆ ಹಾಕಿತು. ಬೇಕರಿಯವಳು ಔಷಧಿ ಅಂಗಡಿಯವನನ್ನು ತಬ್ಬಿಕೊಂಡಳು. ಅದರಿಂದ ಹುಟ್ಟಿದ ಬೇರೆ ಕಥೆ ಇಲ್ಲಿಗೆ ಸಂಬಂಧಿಸಿದ್ದಲ್ಲ. ಈ ಗದ್ದಲದಲ್ಲಿ ಭಾವಮೈದುನ ಬಿಡಿಸಿಕೊಂಡು ಒಳಗೆ ಓಡಿದ. ಹಿಂದಿನಿಂದ ಎಲ್ಲರೂ ನುಗ್ಗಿದರು. ಪರದೆಯ ಮೇಲೆ ಹಕ್ಕಿ ಆಗಲೇ ಹೊಟ್ಟೆ ಮುಂದೆ ಮಾಡಿ ಕೂತಿತ್ತು. ಅವನು ಪೆನ್‌ಡ್ರೈವ್ ತೆರೆದು ನೋಡಿ ತಲೆ ಮೇಲೆ ಕೈ ಹೊತ್ತ.

"ಭಾವ, ಇದು ಅಳತೆ ಅಲ್ಲ. ಅಳತೆ ಇರೋ ಕಡೆಗೆ ದಾರಿ ತೋರ್ಸೋ ಬಾಣ. ಮನೆ ಕೆಡವಿ, ವಿಳಾಸದ ಚೀಟಿ ಎತ್ತಿಟ್ಕೊಂಡಿದೀರಿ."

"ವಾಪಸು ತರೋಕೆ..."

"ಬರಲ್ಲ. ಅದರ ಮೇಲೇ ಹಕ್ಕಿ ಕೂತಿದೆ. ಒಂದೇ ಯಂತ್ರದಲ್ಲಿ ಕಿಟಕಿ, ಹಕ್ಕಿ ಎರಡನ್ನೂ ಪಕ್ಕಪಕ್ಕದಲ್ಲಿ ಇಡಬಹುದಿತ್ತು ಭಾವ. ಒಂದನ್ನ ಕಳೀಲೇಬೇಕು ಅಂತ ಯಾರು ಹೇಳಿದ್ದು?"

ಇಪ್ಪತ್ತೇಳು ಸಾಲಿನ ಕೋಷ್ಟಕ ಬರೆದವನು ಈ ಇಪ್ಪತ್ತೆಂಟನೆಯ ಸಾಲಿನ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಈಗ ಟೀಚರಮ್ಮನಿಗೂ ಅರ್ಥವಾಗತೊಡಗಿತು. ಪರ್ಸಿನಿಂದ ಚೀಟಿ ತೆಗೆದು ಅವನ ಮೂಗಿನ ಮುಂದೆ ಹಿಡಿದರು. "ಆಪ. ಅಂದರೆ ಆಪರೇಷನ್ ಅಲ್ವೇನ್ರೀ?"

"ಆಪರೇಟಿಂಗ್ ಸಿಸ್ಟಂ, ಅಮ್ಮಾ."

"ಪೂರ್ತಿ ಬರೆಯೋಕೆ ಕೈ ನೋಯ್ತಿತ್ತಾ?"

"ಅಂಕಣ ಕಿರಿದು" ಎಂದ ದಶಾಂಶ, ಪ್ರಾಣ ಹೋಗುವ ದನಿಯಲ್ಲಿ.

ಅಷ್ಟು ಹೊತ್ತಿಗೆ ಹೆಂಡತಿ ದಾರದ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಯಾರು ಹೇಳಬೇಕು? ದಶಾಂಶನೇ ಹೇಳಿದ. ಒಂದೂ ದಶಾಂಶ ಸೇರಿಸದೆ, ಏನೂ ಮೊಟಕು ಮಾಡದೆ ಹೇಳಿದ.

ಅವಳು ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. "ಕೈಗೆ ಗೊತ್ತು ಅಂತ ಹೇಳಿದ್ದೆ" ಎಂದಳು. ಅಷ್ಟೇ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಗೋಡೆಗೆ ಒರಗಿಸಿದ್ದ ನೀಲಿ ಥಾನಿನ ಮೇಲೆ ಅಂಗೈ ಇಟ್ಟಳು.

"ಸೋಮವಾರ ಆಗದಿದ್ದರೆ..." ಎಂದು ಟೀಚರಮ್ಮ ಮೆಲ್ಲಗೆ ಶುರು ಮಾಡಿದರು. "ಬಸ್ ನಿಲ್ದಾಣದ ಹತ್ತಿರ ಆ ಸೂಟಿನ..."

ಹೆಂಡತಿ ತಟ್ಟನೆ ತಿರುಗಿದಳು. ಕೋಣೆಯಲ್ಲಿದ್ದವರನ್ನು, ಹೊಸ್ತಿಲಲ್ಲಿದ್ದವರನ್ನು, ಬೀದಿಯಲ್ಲಿದ್ದವರನ್ನು ಎಣಿಸಿದಳು.

"ಟೀಚರಮ್ಮ, ತಂಡದವರು ಯಾರಾದರೂ ಬರದೇ ಇದ್ದಾರಾ?"

"ಯಾಕೆ ಬರದೇ ಇರ್ತಾರೆ? ಕೊನೇ ಸಲ ನೋಡೋದು ಅಂತ ಎಲ್ಲ ಬಂದಿದ್ದೀವಿ."

"ಹಂಗಾದರೆ ಸಾಲಾಗಿ ನಿಂತ್ಕೊಳ್ಳಿ. ಕೈ ಮೇಲೆತ್ತಿ. ರೀ, ನೀವು ಪುಸ್ತಕ ತಗೊಳ್ಳಿ. ನಾನು ಹೇಳ್ತೀನಿ, ನೀವು ಬರೀರಿ. ಪೂರ್ತಿ ಬರೀಬೇಕು. ಸೊಂಟ ಅಂದರೆ ಸೊಂಟ."

ಸಾಲು ಮನೆಯೊಳಗಿಂದ ಮೆಟ್ಟಿಲಿಳಿದು ಹಾಲಿನವನ ಸೈಕಲ್ಲಿನವರೆಗೂ ಹೋಯಿತು. ಆರು ವಾರ ಹಿಡಿದ ಕೆಲಸ ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅಂಚೆಯವನ ಸೊಂಟ ಅಳೆದಾಗ ಅವಳ ಹುಬ್ಬು ಮೇಲೇರಿತು. "ನವೆಂಬರಿನಲ್ಲಿ ಎಂಬತ್ತೆಂಟು ಇತ್ತಲ್ಲ ನಿಮ್ಮದು? ಈಗ ತೊಂಬತ್ನಾಲ್ಕು. ಕಂಪ್ಯೂಟರಿನಲ್ಲಿದ್ದ ಅಳತೆಗೆ ಹೊಲಿದಿದ್ದರೆ ಮೊದಲನೇ ಹಾಡಿಗೇ ಗುಂಡಿ ಹಾರ್ತಿತ್ತು." ಒಂಬತ್ತು ಜನರ ಅಳತೆ ಹೀಗೇ ಬದಲಾಗಿತ್ತು. ಅವಳ ಕೈಗೆ ಅದೂ ಗೊತ್ತಾಯಿತು. ಅವಳು ನಗುವುದನ್ನು ಕಂಡ ಮೇಲೆ ದಶಾಂಶನಿಗೆ ಉಸಿರು ಬಂತು.

ಕೊನೆಯವರ ಅಳತೆ ಬರೆದಾದ ಮೇಲೆ ಅವನು ಪುಸ್ತಕ ಮುಚ್ಚಿ ಎದ್ದು ನಿಂತ. ಧನ್ಯವಾದ ಹೇಳುವುದು ಸಭ್ಯತೆ ಎಂದು ಅವನಿಗೆ ತೋರಿತು.

"ನನ್ನ ಆಪರೇಟಿಂಗ್ ಸಿಸ್ಟಮಿನ ಮೇಲೆ ನೀವೆಲ್ಲ ಇಟ್ಟಿದ್ದ ಪ್ರೀತಿಗೆ..."

"ಏ ಮಾರಾಯ್ರೇ!" ಎಂದರು ಟೀಚರಮ್ಮ. "ನಿಮ್ಮ ಸಿಸ್ಟಮ್ಮು ಕಟ್ಕೊಂಡು ನಮಗೇನು? ಪ್ರೀತಿ ಇಟ್ಟಿದ್ದು ನಿಮ್ಮ ಮೇಲೆ ಕಣ್ರೀ."

ದಶಾಂಶ ಪುಸ್ತಕವನ್ನು ಎದೆಗೆ ಒತ್ತಿಕೊಂಡ. ಸೇಬು, ಸೂಪು, ಕುರ್ಚಿ ಎಳೆದುಕೊಟ್ಟ ಅಧಿಕಾರಿ, ಕೆನ್ನೆ ತೋರಿಸಿದ ಅಂಚೆಯವನು ಎಲ್ಲ ಒಂದೊಂದಾಗಿ ಹೊಸ ಅರ್ಥ ಹೊತ್ತು ಮುಂದೆ ಬಂದು ನಿಂತವು. ಹಂಚಿನ ಮೇಲೆ ಬಿಸಿಲು ಹತ್ತುವಂತೆ ಮೈ ಬೆಚ್ಚಗಾಯಿತು.

"ಇನ್ನೊಂದು ಕೋಟಿಗೆ ಬಟ್ಟೆ ಆಗುತ್ತಾ?" ಎಂದು ಟೀಚರಮ್ಮ ಹೆಂಡತಿಯನ್ನು ಕೇಳಿದರು. "ಹಾಡಿನ ಪುಸ್ತಕದ ಪುಟ ತಿರುವೋಕೆ ಒಬ್ಬರು ಬೇಕು. ಬೇಡ ಅನ್ನಬೇಡಿ, ಇವರು ಹಾಡೋದು ಬೇಡ. ನಿಂತರೆ ಸಾಕು."

"ಆಗುತ್ತೆ" ಎಂದಳು ಹೆಂಡತಿ. ಪಟ್ಟಿಯನ್ನು ಅವನ ಕಂಕುಳ ಕೆಳಗಿನಿಂದ ಸುತ್ತಿ ತಂದು ಮುಂದೆ ಹಿಡಿದಳು. "ಉಸಿರು ಬಿಡ್ರೀ. ಎದೆ ಉಬ್ಬಿಸಬೇಡಿ."

"ಉಬ್ಬಿಸ್ತಾ ಇಲ್ಲ ಕಣೇ."

ಅವಳು ಇನ್ನೊಮ್ಮೆ ಹಿಡಿದು ನೋಡಿದಳು. ಆಮೇಲೆ ಅಂಕಿ ಹೇಳಿದಳು, ಅವನು ಬರೆದುಕೊಂಡ. ಎದೆ, ನೂರಾ ಎರಡು ಸೆಂಟಿಮೀಟರು.